ಕೆಳಗೆ ಕೂರದ ಐದು

ಮನುಷ್ಯನಿಗೆ ದೊಡ್ಡ ಕಷ್ಟ ಬಂದರೆ ಹೇಳಿಕೊಳ್ಳುವುದಕ್ಕಾದರೂ ಜನ ಸಿಗುತ್ತಾರೆ. ಸೊಂಟ ಹಿಡಿದಿದೆ ಎಂದರೆ ಬೀದಿಗೆ ಬೀದಿಯೇ ಎಣ್ಣೆ ಹೇಳುತ್ತದೆ. ಆದರೆ ‘ನನ್ನ ಗ್ರಾಫಿನಲ್ಲಿ ಐದು ಕೆಳಗೆ ಕೂರುತ್ತಿಲ್ಲ’ ಎಂದು ಯಾರ ಹತ್ತಿರ ಅಳುವುದು? ಪಾಂಡವಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಪಾಠ ಹೇಳಿಕೊಂಡು ತಣ್ಣಗಿದ್ದ ನಾನು, ತಲೆ ಅರ್ಧ ಬೋಳಾದ ಮೇಲೆ ಪಿಎಚ್‌.ಡಿ.ಗೆ ಸೇರಿದೆ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ. ಹೊಣಕೆರೆ, ಸಿಂಧಘಟ್ಟದ ಗದ್ದೆಗಳ ಮಣ್ಣು ಹೊತ್ತು ತಂದು ರಂಜಕ ಅಳೆದದ್ದಾಯಿತು, ಪ್ರಬಂಧ ಬರೆದದ್ದಾಯಿತು. ಉಳಿದದ್ದು ಗೈಡ್ ಮೇಡಂ ಸಹಿ ಒಂದೇ. ಅವರೋ ತಿಂಗಳ ಕೊನೆಗೆ ನಿವೃತ್ತರಾಗುವವರು. ಅಷ್ಟರೊಳಗೆ ಸಹಿ ಬೀಳದಿದ್ದರೆ ಹೊಸ ಗೈಡು, ಹೊಸ ತಕರಾರು, ಮತ್ತೆ ಮೊದಲಿನಿಂದ ಮಣ್ಣು ಹೊರಬೇಕು.

ಮೇಡಂ ಗ್ರಾಫು ನೋಡಿದವರೇ ವಾಪಸ್ಸು ಕೊಟ್ಟರು. ಗೊಬ್ಬರದ ರಂಜಕಕ್ಕೆಂದು ಅಕ್ಷದ ಪಕ್ಕ ಬರೆದ ‘ಪಿ ಟೂ ಓ ಫೈವ್’ನಲ್ಲಿ ಎರಡೂ ಐದೂ ಅಕ್ಷರಗಳ ಸರಿಸಮಕ್ಕೆ ಎದೆ ಸೆಟೆಸಿ ನಿಂತಿದ್ದವು. ಅವು ಚಿಕ್ಕದಾಗಿ ಕೆಳಗೆ ಕೂರಬೇಕಂತೆ, ‘ಹೆಕ್ಟೇರಿಗೆ ಇಷ್ಟು’ ಎನ್ನಲು ಹಾಕುವ ಮೈನಸ್ ಒಂದು ಮೇಲಕ್ಕೆ ಏರಬೇಕಂತೆ. ಇದೇ ತಪ್ಪಿಗೆ ಹುಡುಗರ ಅರ್ಧ ಅಂಕ ಕಡಿಯುವ ಮೇಷ್ಟರು ನಾನು. ಎದುರಾಡುವ ಹಾಗೂ ಇರಲಿಲ್ಲ. ಕಾಗದ ಪತ್ರ ಟೈಪು ಮಾಡುವ ಕಡೆಯಾದರೆ ಒಂದು ಗುಂಡಿ ಒತ್ತಿದರೆ ಅಂಕಿ ಇಳಿಯುತ್ತದೆ. ಈ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರಿನಲ್ಲಿ ಹಾಗಲ್ಲ. ಇಳಿಸಲು ಚೌಕ ಬ್ರಾಕೆಟ್ಟು, ಏರಿಸಲು ಟೋಪಿಯಂಥ ಚಿಹ್ನೆ. ಹಾಕಿದೆ. ಬ್ರಾಕೆಟ್ಟೂ ಟೋಪಿಯೂ ಹಾಕಿದ ಹಾಗೇ ಗ್ರಾಫಿನ ಮೇಲೆ ಬಂದು ಕೂತವು. ಒಟ್ಟಿನಲ್ಲಿ ಟೋಪಿ ಬಿದ್ದದ್ದು ನನಗೆ.

ಆ ವಾರ ಅನ್ನ ಸೇರಲಿಲ್ಲ. ಕೂತರೆ ಏಳಬೇಕು, ಎದ್ದರೆ ಕೂರಬೇಕು ಅನ್ನಿಸುತ್ತಿತ್ತು. ಸಿಂಧಘಟ್ಟದಿಂದ ಬಂದಿದ್ದ ಮಾವನವರು ನನ್ನ ಚಡಪಡಿಕೆ ನೋಡಲಾರದೆ ಕೇಳಿದರು: “ಅಲ್ಲ ಅಳೀಂದ್ರೆ, ಐದು ಮ್ಯಾಲಿದ್ರೇನು ಕೆಳಗಿದ್ರೇನು? ಗೊಬ್ರ ಅಂಗೇ ತಾನೆ ಇರೋದು?” ಬೀಗರೂಟದ ಪಂಕ್ತಿಯಲ್ಲಿ ತಮ್ಮ ಎಲೆಯನ್ನು ಷಡ್ಡಕನ ಎಲೆಗಿಂತ ಕೆಳಗೆ ಹಾಕಿದರೆಂದು, ಬಡಿಸಿದ ಮುದ್ದೆಯನ್ನೂ ಮುಟ್ಟದೆ ಎದ್ದು ಬಂದ ಮಹಾನುಭಾವರು ಈ ಮಾತು ಹೇಳಿದ್ದು! ಬಾಯಿಗೆ ಬಂದದ್ದನ್ನು ಕಾಫಿಯ ಜೊತೆ ನುಂಗಿಕೊಂಡೆ.

ಕೊನೆಗೆ ನಮ್ಮೂರ ಕಡೆಯ ಉಪಾಯಕ್ಕೇ ಇಳಿದೆ. ಸದ್ಯಕ್ಕೆ ಆಗಲಿ, ಆಮೇಲೆ ನೋಡೋಣ ಎನ್ನುವ ಉಪಾಯ. ಅಂಕಿ ಇರಬೇಕಾದ ಜಾಗ ಖಾಲಿ ಬಿಟ್ಟು, ಚಿಕ್ಕ ಚಿಕ್ಕ ಎರಡು, ಐದುಗಳನ್ನು ಬೇರೆಯಾಗಿ ಬರೆದು, ಗ್ರಾಫಿನ ಮೇಲೆ ಬಿಂದಿ ಅಂಟಿಸಿದ ಹಾಗೆ ಅಂಟಿಸಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಎಷ್ಟು ಚೆಂದ ಕಾಣುತ್ತಿತ್ತು! ಮೈಸೂರಿಗೆ ಹೋಗಿ ಮೇಡಂ ಕಂಪ್ಯೂಟರಿನಲ್ಲಿ ತೆರೆದರೆ ಐದು ತನ್ನ ಜಾಗ ಬಿಟ್ಟು, ಗ್ರಾಫಿನಲ್ಲಿ ಹೊಣಕೆರೆಗೆಂದು ನಿಲ್ಲಿಸಿದ್ದ ಕಂಬದ ನೆತ್ತಿಯ ಮೇಲೆ ಕೂತಿತ್ತು.

“ಹೊಣಕೆರೆಗೆ ಈ ಐದು ಎಲ್ಲಿಂದ ಬಂತ್ರೀ?” ಎಂದರು ಮೇಡಂ.

“ಅದು ಹೊಣಕೆರೆಯದಲ್ಲ ಮೇಡಂ, ಜಾರಿ ಬಂದಿದೆ” ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ನಾಚಿಕೆಯಿಂದ ಭೂಮಿಗಿಳಿದು ಹೋದೆ.

ಹಟ ಬಂತು. ಮನೆಗೆ ಬಂದವನೇ ಆ ಸಾಫ್ಟ್‌ವೇರಿನ ಮುಂದೆ ಕೂತು ಒಂದೊಂದೇ ಚಿಹ್ನೆ ತೆಗೆದು, ಹಾಕಿ ನೋಡಿದೆ. ತಪ್ಪು ಸಿಕ್ಕಿತು. ಅಕ್ಷದ ಇಡೀ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಕೂಡಿಹಾಕಿದ್ದೆ. ಅದರೊಳಗಿದ್ದುದನ್ನು ಸಾಫ್ಟ್‌ವೇರು ಅಪ್ಪಣೆ ಎಂದುಕೊಳ್ಳದೆ ಬರೀ ಬರಹ ಎಂದುಕೊಳ್ಳುತ್ತಿತ್ತು. ಚಿಹ್ನೆ ತೆಗೆದು, ಸೂತ್ರ ಎಂದು ತಿಳಿಸಿದ ತಕ್ಷಣ ಐದು ಹೊಸ ಸೊಸೆಯ ಹಾಗೆ ತಲೆ ತಗ್ಗಿಸಿ ಕೆಳಗೆ ಕೂತಿತು. ಮೈನಸ್ ಒಂದು ಮೇಲೇರಿತು. ಅಂಥ ಖುಷಿ ನನಗೆ ಮದುವೆಯಲ್ಲೂ ಆಗಿರಲಿಲ್ಲ.

ಮೇಡಂ ಪುಟ ಪುಟವನ್ನೂ ನೋಡಿ ಸಹಿ ಹಾಕಿದರು. ಬದುಕಿದೆಯಾ ಬಡಜೀವವೇ ಎಂದು ಏಳುವಷ್ಟರಲ್ಲಿ, “ಅಕ್ಷಗಳನ್ನ ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದೀರಿ! ರಿಟೈರ್ ಆದ್ಮೇಲೆ ಒಂದು ಪುಸ್ತಕ ಬರೀಬೇಕು ಅಂತಿದ್ದೀನಿ. ಗ್ರಾಫೆಲ್ಲ ಇನ್ನು ನಿಮ್ಮದೇ ಜವಾಬ್ದಾರಿ” ಎಂದರು. ಅಭ್ಯಾಸಬಲದಿಂದ ನನ್ನ ಬಾಯಿ “ಆಗಲಿ ಮೇಡಂ” ಎಂದುಬಿಟ್ಟಿತು.

ಮನೆಗೆ ಬಂದರೆ ಬಾಗಿಲಲ್ಲೇ ಕಾಯುತ್ತಿದ್ದ ಹೆಂಡತಿ ಸವಿತಾ ಕೇಳಿದಳು: “ಸೈನು ಆಯ್ತಾ?”

“ಆಯ್ತು.”

“ಮತ್ಯಾಕ್ರೀ ಮಕ ಇಂಗ್ ಮಾಡ್ಕಂಡಿದ್ದೀರಿ?”

“ಅಂಕಿ ಇಳ್ಸೋದ್ನ ಕಲ್ತ್ಬುಟ್ಟೆ ಕಣೆ” ಎಂದೆ.