ಸಾಹೇಬರ ನಿಂಬೆಗಿಡದ ಹುಳಗಳು

ಹುಳ ಕೊಲ್ಲಿಸುವ ಸರ್ಕಾರಿ ಕೆಲಸಕ್ಕೆ ಸೇರಿದವನಿಗೆ ಹುಳದ ಮೇಲೆ ಪ್ರೀತಿ ಇರಬಾರದು. ಕೀಟಶಾಸ್ತ್ರ ಓದಿದ ನನಗಿತ್ತು. ಹಾಗಾಗಿ ಅರವತ್ತರ ದಶಕದಲ್ಲಿ, ದಾವಣಗೆರೆಯಲ್ಲಿದ್ದಷ್ಟು ವರ್ಷವೂ, ಮಾನ ಹೋಗುವ ಸಂದರ್ಭಗಳಿಗೆ ಬರವಿರಲಿಲ್ಲ.

೧

ನಿಂಬೆ ಎಲೆ ತಿನ್ನುವ ಹಸಿರು ಹುಳವನ್ನು ಆರಿಸಿ ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಬೇಕೆಂದು ಕುಕ್ಕುವಾಡದಲ್ಲಿ ರೈತರಿಗೆ ಪಾಠ ಮಾಡುತ್ತಿದ್ದೆ. ಒಬ್ಬ ಅಜ್ಜಿ ಕೇಳಿದಳು: "ಬಿಟ್ರೆ ಇದು ಏನಾಗತೈತೆ?"

"ಚಿಟ್ಟೆ" ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಕಪ್ಪು ರೆಕ್ಕೆ, ಅದರ ಮೇಲಿನ ಹಳದಿ ಮಚ್ಚೆ, ಗೂಡು ಬಿರಿಯುವ ಬೆಳಗಿನ ಹೊತ್ತು ಎಂದು ಕಾಲು ಗಂಟೆ ಬಣ್ಣಿಸಿದೆ.

"ಇಷ್ಟು ಚಂದ ಆಗೋದನ್ನ ಯಾಕ ಕೊಲ್ಲಸ್ತೀರಿ?"

"ಇಲಾಖೆ ಹೇಳಿದೆ."

ಅಜ್ಜಿ ಪಕ್ಕದವಳ ಕಡೆ ತಿರುಗಿ, "ಪಾಪ, ಹೊಟ್ಟೆಪಾಡು" ಎಂದಳು.

೨

ಅದೇ ಹುಳ ನಮ್ಮ ಮನೆಯ ಕರಿಬೇವಿಗೂ ಬಂತು. ಕೊಲ್ಲಲು ಮನಸ್ಸು ಬಾರದೆ, ಗಿಡಕ್ಕೇನೋ ರೋಗ ಎಂದು ಹೆಂಡತಿಗೆ ಸುಳ್ಳು ಹೇಳಿದೆ. ಎಂಟು ದಿನದಲ್ಲಿ ಗಿಡ ಬರೀ ಕಡ್ಡಿಯಾಯಿತು. ಅವಳು ಒಂದು ಹುಳವನ್ನು ಕಡ್ಡಿಯಲ್ಲಿ ಎತ್ತಿ ತಂದು ನನ್ನ ಮೂಗಿನ ಮುಂದೆ ಹಿಡಿದಳು. ಹುಳ ಸಿಟ್ಟಿಗೆದ್ದು, ತನ್ನ ಜಾತಿಯ ಪದ್ಧತಿಯಂತೆ, ತಲೆಯೊಳಗಿನ ಕೆಂಪು ಕೊಂಬನ್ನು ಹೊರಚಾಚಿತು.

"ನೋಡ್ರಿ," ಎಂದಳು, "ನಿಮ್ಮ ರೋಗಕ್ಕ ಕೊಂಬು ಬಂದಾವ."

೩

ಭಾನುವಳ್ಳಿಯ ರೈತನೊಬ್ಬ ನನ್ನ ಮಾತು ನಂಬಿ, ತನ್ನ ಗಿಡಗಳ ಹುಳವನ್ನೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿ, ಹರಿಹರದ ಬಸ್ ನಿಲ್ದಾಣದಲ್ಲಿ ನನ್ನ ಕೈಗಿಟ್ಟ. "ನಮಗ ಸಾಯಸಾಕ ಮನಸ್ಸು ಬರಂಗಿಲ್ಲ. ನೀವು ಓದಿದೋರು, ಮಾಡ್ರಿ ಸಾರ್."

ಮನೆಗೆ ಬಂದು ನೀರಿಗೆ ಸೀಮೆಎಣ್ಣೆ ಬೆರೆಸಿದೆ. ಡಬ್ಬಿ ತೆರೆದರೆ ಒಂದು ಹುಳ ತಲೆಯೆತ್ತಿ ನೋಡಿತು. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು.

ನಮ್ಮ ಕರಿಬೇವಿನಲ್ಲಿ ಎಲೆಯಿರಲಿಲ್ಲ. ಪಕ್ಕದ ಮನೆಯ ಬಟ್ಟೆ ವ್ಯಾಪಾರಿ ಸಾಹೇಬರ ನಿಂಬೆಗಿಡ ಗೋಡೆಯ ಮೇಲೆ ಬಾಗಿತ್ತು. ಅದು ಹೂಬಿಟ್ಟಿದ್ದು ಅದೇ ಮೊದಲು. ಅವರು ದಿನಾ ಅಂಗಡಿಗೆ ಹೊರಡುವ ಮುಂಚೆ ತಾವೇ ನೀರು ಹಾಕುತ್ತಿದ್ದರು. ಗೊತ್ತಿದ್ದೂ ಡಬ್ಬಿಯನ್ನು ಅದರ ಮೇಲೆ ಬಗ್ಗಿಸಿದೆ.

ವಾರದಲ್ಲಿ ಗಿಡ ಬೋಳಾಯಿತು. ಅವರ ಕಣ್ಣು ತಪ್ಪಿಸಿ ಓಡಾಡಿದೆ. ಕೊನೆಗೆ ನಾಚಿಕೆ ತಡೆಯಲಾರದೆ ಹೋಗಿ ಹೇಳಿದೆ: "ಸಾಹೇಬ್ರೆ, ಆ ಹುಳ ಬಿಟ್ಟಿದ್ದು ನಾನು."

"ಗೊತ್ತೈತೆ ಸಾರ್. ನಮ್ಮ ಮನೆಯೋರು ಕಿಟಕ್ಯಾಗಿಂದ ನೋಡ್ಯಾರ."

"ಮತ್ತೆ ಯಾಕೆ ತೆಗೆದು ಹಾಕಲಿಲ್ಲ?"

"ಹೆಂಗ್ ತೆಗೆಯೋದು? ಸರ್ಕಾರಿ ಪ್ರಯೋಗ, ಯಾರೂ ಮುಟ್ಟಬ್ಯಾಡ್ರಿ ಅಂತ ನಾನೇ ಮನೆಮಂದಿಗೆಲ್ಲ ತಾಕೀತು ಮಾಡೀನಿ."

ಕುರ್ಚಿ ಎಳೆದು ಕೂರಿಸಿ, ಚಹಾ ತರಿಸಿ, ಬಹಳ ಗೌರವದಿಂದ ಕೇಳಿದರು: "ರಿಸಲ್ಟ್ ಏನ್ ಬಂತು ಸಾರ್?"