ಸತ್ತ ದೊರೆಗೂ ಶಾಲು ಹೊದಿಸಿದ ಗೌರವಾಧ್ಯಕ್ಷರಿಗೆ

ಕಲಾಪೋಷಕರೂ, ನಮ್ಮ ವಾಡಿಯ ನಾಟ್ಯ ಸಂಘದ ಶಾಶ್ವತ ಗೌರವಾಧ್ಯಕ್ಷರೂ, ಮೈಕು ಕಂಡಲ್ಲಿ ಎರಡು ಮಾತಾಡದೆ ಮುಂದೆ ಹೋಗದವರೂ ಆದ ಶ್ರೀ ನಾಗೇಂದ್ರಪ್ಪನವರ ಸನ್ನಿಧಾನಕ್ಕೆ,

ಮಾನ್ಯರೇ,

ಸ್ಟೇಷನ್ ರಸ್ತೆಯಲ್ಲಿ ಜಂಪರು ಹೊಲಿಯುವ ದಾನೇಶ್ವರಿ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವ ಅಗತ್ಯ ನನಗಿಲ್ಲ. ಕಳೆದ ಶನಿವಾರದ ನಾಟಕದಲ್ಲಿ ತಾವು ವೇದಿಕೆ ಹತ್ತಿ ಇಳಿದು ಮತ್ತೆ ಹತ್ತಿದ ಹುರುಪನ್ನು ಕಂಡವರು ಯಾರೂ ತಮ್ಮ ಮೊಣಕಾಲುಗಳ ಆರೋಗ್ಯವನ್ನು ಸಂಶಯಿಸಲಾರರು.

ಮಳಖೇಡದ ದೊರೆಯ ನಾಟಕಕ್ಕೆ ಆ ಕಾಲದ ಉಡುಪು ಮಾಡಿಕೊಡು ಎಂದು ಸಂಘದವರು ಹೇಳಿದಾಗ, ತಿಳಿಗೇಡಿಯಾದ ನಾನು ಆ ಮಾತನ್ನು ನಿಜವೆಂದೇ ನಂಬಿದೆ. ಬಾಡಿಗೆಗೆ ಸಿಗುವ ಮಖಮಲ್ಲಿನ ಅಂಗಿ ಬೇಡವೆಂದು ಸೇಡಂನ ಹಳೆಯ ಗುಡಿಗೆ ಹೋಗಿ, ಕಂಬದ ಮೇಲಿನ ಕಲ್ಲಿನ ಅರಸರು ಕಚ್ಚೆ ಎಲ್ಲಿ ಸಿಗಿಸಿದ್ದಾರೆ, ನೆರಿಗೆ ಎಲ್ಲಿ ಇಳಿಬಿಟ್ಟಿದ್ದಾರೆ ಎಂದು ಕತ್ತು ನೋಯುವಷ್ಟು ನೋಡಿ ಬಂದೆ. ಮಗ್ಗದ ಬಟ್ಟೆಯನ್ನು ದಾಳಿಂಬೆ ಸಿಪ್ಪೆಯ ನೀರಿನಲ್ಲಿ ಕುದಿಸಿ ಹಳದಿ ಮಾಡಿದೆ. ಅರಸನು ಬಟ್ಟೆಯನ್ನು ಸುಮ್ಮನೆ ಸುತ್ತಿಕೊಂಡಂತೆ ಕಾಣಬೇಕು, ಆದರೆ ಅರಸನ ಪಾತ್ರ ಮಾಡುವ ಅಂಬರಾಯ ಕತ್ತಿ ಹಿರಿದಾಗ ಅದು ಬಿಚ್ಚಿ ಬೀಳಬಾರದು. ಆದ್ದರಿಂದ ಒಂದೊಂದು ನೆರಿಗೆಯನ್ನೂ ಒಳಗಿನಿಂದ ಪಟ್ಟಿಗೆ ಹೊಲಿದು, ಹುಕ್ಕು ಇಟ್ಟು, ಹೊಲಿಗೆಯೇ ಕಾಣದಂತೆ ಮಾಡಿದೆ. ಹೊಲಿಗೆ ಕಾಣಬಾರದೆಂಬುದು ನನ್ನ ಹಟವಾಗಿತ್ತು. ಉಡುಪೇ ಕಾಣಬಾರದೆಂಬುದು ತಮ್ಮ ಸಂಕಲ್ಪವೆಂದು ಆಗ ಗೊತ್ತಿರಲಿಲ್ಲ.

ನಡುಪಟ್ಟಿಗೆ ಹಳೆಯ ಜರಿ ಬೇಕೆಂದು ನಾನು ಒದ್ದಾಡುತ್ತಿದ್ದಾಗ ನಮ್ಮವ್ವ ಸೂಗಮ್ಮ ತನ್ನ ಲಗ್ನದ ಸೀರೆಯ ಅಂಚನ್ನೇ ಬಿಚ್ಚಿಕೊಟ್ಟು, "ಟ್ರಂಕಿನ್ಯಾಗ ಇಟ್ಟು ಏನ್ ಮಾಡ್ಲಿಕತ್ತೀನಿ, ದೊರಿ ನಡಕ್ಕ ಹಚ್ಚು ತಗೋ" ಎಂದಳು. ಕಲಬುರಗಿಯ ನಾಟಕ ತಂಡದ ನಿರ್ದೇಶಕರಾದ ದೇವಾನಂದ ಸರ್ ಅವರನ್ನು ನಾಟಕ ನೋಡಲು ನಾನೇ ಕರೆದಿದ್ದೆ. ಅವರ ತಂಡಕ್ಕೆ ವಸ್ತ್ರವಿನ್ಯಾಸ ಮಾಡುವವರು ಬೇಕಾಗಿದ್ದರು. ನನ್ನ ಕೆಲಸ ಅವರ ಕಣ್ಣಿಗೆ ಬಿದ್ದರೆ ಜಂಪರಿನ ತೋಳು ಉದ್ದವಾಯಿತು, ಗಿಡ್ಡವಾಯಿತು ಎಂಬ ಜಗಳ ಬಿಟ್ಟು ನಾನು ಬಯಸಿದ ಬದುಕಿಗೆ ಹೋಗಬಹುದಾಗಿತ್ತು.

ಪರದೆ ಸರಿಯಿತು. ದೊರೆ ಸಿಂಹಾಸನದಿಂದ ಎದ್ದು ನಿಲ್ಲುವಷ್ಟರಲ್ಲಿ ಮೈಕು ತಮ್ಮ ಶುಭನಾಮವನ್ನು ಕೂಗಿತು. ನಾಟಕ ನಡೆಯುತ್ತಿರುವಾಗಲೇ ಪಾತ್ರಧಾರಿಗೆ ಶಾಲು, ಟವೆಲು ಹೊದಿಸಿ ಆಯೇರಿ ಮಾಡುವುದು ನಮ್ಮ ಕಡೆಯ ಪ್ರೀತಿಯ ಪದ್ಧತಿ, ಅದನ್ನು ಬೇಡವೆನ್ನಲು ನಾನು ಯಾರು? ತಾವು ಶಾಲು ಹೊದಿಸಿದಿರಿ. ತಮ್ಮ ಹಿಂದೆ ಅಳಿಯಂದಿರು, ಷಡ್ಡಕರು, ಶಹಾಬಾದಿನಿಂದ ಬಂದ ಬೀಗರು. ಯಾರ ಶಾಲನ್ನು ತೆಗೆದಿಟ್ಟರೂ ಅವರಿಗೆ ಸಿಟ್ಟು ಬರುತ್ತದೆಂದು ಅಂಬರಾಯ ಎಲ್ಲವನ್ನೂ ಒಂದರ ಮೇಲೊಂದು ಹೊದ್ದುಕೊಂಡು, ತಲೆಗೆ ತಾವು ಸುತ್ತಿದ ಟವೆಲಿನೊಡನೆಯೇ ರಾಜ್ಯಭಾರ ಮಾಡಿದ. ಒಂಬತ್ತನೆಯ ಶತಮಾನದ ದೊರೆ ಚಳಿಜ್ವರ ಬಂದವನಂತೆ ಕುಳಿತಿದ್ದ.

ಬಾಣ ತಾಗಿ ದೊರೆ ಸತ್ತಾಗ, ಅಂಗಾತ ಬಿದ್ದವನ ಮೈಮೇಲಿನ ಶಾಲುಗಳು ಅತ್ತಿತ್ತ ಸರಿದಾವೆಂದು ಅವ್ವ ಮುಂದಿನ ಸಾಲಿನಲ್ಲಿ ಕತ್ತು ಚಾಚಿದಳು. ಅವು ಇನ್ನೇನು ಸರಿಯಬೇಕು, ಆಗ ತಾವು ಮೈಕಿನಲ್ಲಿ, "ಅಂಬರಾಯ, ಏಳ್ರಿ, ಭಾಳ ಚಂದ ಸತ್ತೀರಿ, ಇನ್ನೊಂದು ಶಾಲು ಹಾಕೋದದ" ಎಂದಿರಿ. ದೊರೆ ಎದ್ದು, ಕೈಮುಗಿದು, ಶಾಲು ಹೊದ್ದು, ಎದೆಯ ಬಾಣವನ್ನು ನೆಟ್ಟಗೆ ಮಾಡಿಕೊಂಡು ಮತ್ತೆ ಸತ್ತ. "ನನ್ನ ಸೀರಿ ಅಂಚು ಯಾವಾಗ ಬರ್ತದವ್ವಾ?" ಎಂದು ಅವ್ವ ಕೇಳಿದಳು. ನನಗೆ ಅಳು ಬಂತು ಮಾನ್ಯರೇ, ಇದೊಂದನ್ನು ವಿನೋದಕ್ಕೆ ಬರೆದಿಲ್ಲ. ದೇವಾನಂದ ಸರ್ ಹೋಗುವಾಗ, "ಉಡುಪು ಕಾಣಲೇ ಇಲ್ಲಲ್ರಿ ತಂಗಿ, ಶಾಲು ಮಾತ್ರ ಛಲೋ ಇದ್ದವು" ಎಂದು ಹೇಳಿ ಬಸ್ಸು ಹತ್ತಿದರು.

ಆದಕಾರಣ ತಮ್ಮಲ್ಲಿ ಸಣ್ಣದೊಂದು ವಿಜ್ಞಾಪನೆ. ಸೇಡಂನಿಂದ ಚಿಂಚೋಳಿಯವರೆಗೆ ಕಂಬದ ಮೇಲೆ, ಗೋಡೆಯ ಮೇಲೆ ಬರಿಮೈಯಲ್ಲಿ ನಿಂತಿರುವ ಕಲ್ಲಿನ ಅರಸರಿಗೆಲ್ಲ ತಾವು ದಯವಿಟ್ಟು ಒಂದೊಂದು ಶಾಲು, ಒಂದೊಂದು ಟವೆಲು ಹೊದಿಸಿ ಬರಬೇಕು. ಆಗ ಶನಿವಾರದ ಉಡುಪು ಇತಿಹಾಸಕ್ಕೆ ಸರಿಹೊಂದುತ್ತದೆ, ಆ ಕಾಲದ ಉಡುಪು ಮಾಡಲಿಲ್ಲವೆಂಬ ಅಪವಾದವೂ ನನ್ನ ಮೇಲೆ ಬರುವುದಿಲ್ಲ. ಅದು ಕಷ್ಟವೆನಿಸಿದರೆ, ಮುಂದಿನ ನಾಟಕದಲ್ಲಿ ಪಾತ್ರಧಾರಿ ಸತ್ತ ಮೇಲಾದರೂ ಅವನನ್ನು ಸಾಯಲು ಬಿಡಬೇಕೆಂದು ಕೋರುತ್ತೇನೆ.

ಶಾಲುಗಳ ರಾಶಿಯ ಕೆಳಗಿನಿಂದ,
ತಮ್ಮ ವಿಶ್ವಾಸಿ,
ದಾನೇಶ್ವರಿ, ವಾಡಿ

ತಾ.ಕ.: ಪತ್ರವನ್ನು ಮಡಚುವ ಹೊತ್ತಿಗೆ ದೇವಾನಂದ ಸರ್ ಫೋನು ಬಂತು. ಸತ್ತವರನ್ನೂ ಎಬ್ಬಿಸಿ ಸನ್ಮಾನಿಸುವ ಅಧ್ಯಕ್ಷರೊಬ್ಬರ ಪಾತ್ರವನ್ನು ಅವರು ತಮ್ಮ ಹೊಸ ನಾಟಕಕ್ಕೆ ಸೇರಿಸಿಕೊಂಡಿದ್ದಾರಂತೆ. ಶನಿವಾರ ಅವರಿಗೆ ತಲೆಯಿಂದ ಕಾಲಿನವರೆಗೆ ಪೂರ್ತಿ ಕಂಡ ವೇಷ ತಮ್ಮದೊಂದೇ ಅಂತೆ. ಆ ಪಾತ್ರದ ಉಡುಪನ್ನು ಹೊಲಿಯುವ ಕೆಲಸ ನನಗೆ ಸಿಕ್ಕಿದೆ. ತಾವು ಬಿಡುವು ಮಾಡಿಕೊಂಡು ಅಂಗಡಿಗೆ ಬಂದು ಅಳತೆ ಕೊಟ್ಟು ಹೋಗಬೇಕು. ಹೊಟ್ಟೆಯ ಸುತ್ತಳತೆಯನ್ನು ದೂರದಿಂದಲೇ ಅಂದಾಜು ಮಾಡಿದ್ದೇನಾದರೂ, ಚಾರಿತ್ರಿಕ ನಿಖರತೆಯ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವವಳಲ್ಲ.