ಮೆಟ್ಟಿಲ ಕೆಳಗಿನ ವಾಲ್ವ್

ಊರಿನ ನೀರು, ಒಳಚರಂಡಿ ಎರಡನ್ನೂ ಖಾಸಗಿ ಕಂಪನಿಯೊಂದಕ್ಕೆ ವಹಿಸಿದ ಮೇಲೆ, ಅದರ ದೂರು ವಿಭಾಗದ ಗುಮಾಸ್ತರ ನಾಲಿಗೆ ಸವೆದು ಹೋಗಿತ್ತು. ಬೆಳಗಿನಿಂದ ಸಂಜೆವರೆಗೆ "ತಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ" ಎಂದು ಹೇಳೀ ಹೇಳೀ ಸುಸ್ತಾಗಿ ಮನೆಗೆ ಬಂದರೆ, ಹೆಂಡತಿ ಖಾಲಿ ಬಕೆಟ್ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಮೂರು ದಿನ ಆಯ್ತು ರೀ! ಪಕ್ಕದ ಮನೇಲಿ ಧೋ ಅಂತ ಸುರೀತಿದೆ. ನಮ್ಮ ನಲ್ಲಿ ಬರೀ ನಿಟ್ಟುಸಿರು ಬಿಡ್ತಿದೆ. ನಿಮ್ಮ ಕಂಪನಿಗೆ ನಮ್ಮನೆ ಕಾಣಲ್ವಾ?"

"ವಿಷಾದಿಸುತ್ತೇವೆ" ಎಂದರು ಗುಮಾಸ್ತರು. (ಬೇಕೆಂದು ಅಂದಿದ್ದಲ್ಲ, ಪಾಪ, ಬಾಯಿಗೆ ಅದೇ ರೂಢಿ.) ಅಂದು ಊಟ ಸಿಕ್ಕಿತು, ಮಾತು ಸಿಗಲಿಲ್ಲ.

ಮರುದಿನ ಕಚೇರಿಗೆ ಹೋದವರೇ ಹೆಂಡತಿಯ ಹೆಸರಲ್ಲಿ ದೂರು ದಾಖಲಿಸಿದರು. ಪೈಪ್ ರಿಪೇರಿಯವನು ಹೋದ, ಮಧ್ಯಾಹ್ನಕ್ಕೆ ವರದಿಯೂ ಬಂತು. ಆದರೆ ಕಂಪನಿಯ ನಿಯಮವೊಂದಿತ್ತು: ಗ್ರಾಹಕರಿಗೆ ಫೋನ್ ಮಾಡಿ, ವರದಿಯನ್ನು ಪೂರ್ತಿ ಓದಿ ಹೇಳಿ, ಅವರ ತೃಪ್ತಿಯನ್ನು ಬರೆದುಕೊಳ್ಳಬೇಕು. ಅಂದೇ ಮ್ಯಾನೇಜರಮ್ಮ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಪಕ್ಕದಲ್ಲೇ ಕೂತುಬಿಟ್ಟರು.

"ನಮಸ್ಕಾರ ಮೇಡಂ, ನೀರು ಸರಬರಾಜು ಕಂಪನಿಯಿಂದ ಮಾತಾಡ್ತಿದೀನಿ."

"ಇದೇನ್ರೀ ಮೇಡಂ ಗೀಡಂ? ಜ್ವರ ಗಿರ ಬಂದಿದ್ಯಾ?"

ಮ್ಯಾನೇಜರಮ್ಮ ಹುಬ್ಬೇರಿಸಿದರು. ಗುಮಾಸ್ತರು ಬೆವರೊರೆಸಿಕೊಂಡರು. "ಈ ಕರೆ ರೆಕಾರ್ಡ್ ಆಗ್ತಿದೆ ಮೇಡಂ."

"ಓ, ರೆಕಾರ್ಡಾ!" ದನಿ ತಕ್ಷಣ ಜೇನಾಯಿತು. "ನೀರು ಬಂತು ಸಾರ್. ಏನಾಗಿತ್ತಂತೆ?"

ಗುಮಾಸ್ತರು ಗಂಭೀರವಾಗಿ ಓದತೊಡಗಿದರು. "ಕಂಪನಿಯ ಪೈಪಿನಲ್ಲಿ ಯಾವ ದೋಷವೂ ಇಲ್ಲ. ಮನೆಯ ಮೆಟ್ಟಿಲ ಕೆಳಗಿನ ವಾಲ್ವ್ ಮುಚ್ಚಿತ್ತು. ಭಾನುವಾರ ಟ್ಯಾಂಕ್ ತೊಳೆಯುವ ಮುನ್ನ..." ಇಲ್ಲಿ ದನಿ ಇಳಿಯಿತು. ಮ್ಯಾನೇಜರಮ್ಮ 'ಮುಂದೆ' ಎಂದು ಸನ್ನೆ ಮಾಡಿದರು. "...ಮನೆಯ ಯಜಮಾನರೇ ಅದನ್ನು ಮುಚ್ಚಿದ್ದನ್ನು ಪಕ್ಕದ ಮನೆಯವರು ನೋಡಿದ್ದಾರೆ. ಮತ್ತೆ ತೆರೆದದ್ದನ್ನು ಯಾರೂ ನೋಡಿಲ್ಲ."

ಮೂರು ದಿನ ಹೆಂಡತಿ ಪಕ್ಕದ ಬೀದಿಯಿಂದ ಹೊತ್ತು ತಂದ ಕೊಡಗಳೆಲ್ಲ ಗುಮಾಸ್ತರ ಕಣ್ಣ ಮುಂದೆ ಸಾಲಾಗಿ ಬಂದವು.

"ಕಂಪನಿ ಬಗ್ಗೆ ಪೂರ್ತಿ ತೃಪ್ತಿ ಅಂತ ಬರ್ಕೊಳ್ಳಿ ಸಾರ್. ಯಜಮಾನರ ಮೇಲೆ ದೂರು ಎಲ್ಲಿ ಕೊಡ್ಬೇಕು?"

"ಅದು... ನಮ್ಮ ವ್ಯಾಪ್ತಿಗೆ ಬರಲ್ಲ ಮೇಡಂ."

"ಪರವಾಗಿಲ್ಲ. ಸಂಜೆ ಮನೇಲೇ ಕೊಡ್ತೀನಿ."

ಎರಡನೇ ಪಾಳಿಗೂ ತಾವೇ ಕೂರುವುದಾಗಿ ಗುಮಾಸ್ತರು ಗೋಗರೆದರು. ಮ್ಯಾನೇಜರಮ್ಮ ಹೆಡ್‌ಫೋನ್ ತೆಗೆದಿಟ್ಟು, ನಗು ತಡೆದುಕೊಂಡು ಹೇಳಿದರು:

"ಬೇಡ, ಬೇಗ ಹೊರಡಿ. ಗ್ರಾಹಕರನ್ನ ಕಾಯಿಸ್ಬಾರ್ದು."